ಗ್ರಹಣಕ್ಕೆ ಕೂತ ಸಾಕ್ಷಿಗಳು

ಭೋಜ ಊರಿನ ಕನ್ನಡ ಶಾಲೆಗೆ ಬೆಳಗಾವಿಯಿಂದ ಕಿವಿ ಪರೀಕ್ಷೆಯ ಡಾಕ್ಟರಬಾಯಿ ಬರುತ್ತಾಳೆಂದು ಡಂಗುರ ಸಾರಿದ ದಿನದಿಂದ ಶಿವಗಂಗವ್ವನ ತಲೆಯಲ್ಲಿ ಒಂದೇ ಹಂಚಿಕೆ. ಪರೀಕ್ಷೆ ಮಗನಿಗೆ ಆಗಲಿ, ಅದರಿಂದ ಮಗಳು ಉಳಿಯಲಿ. ಮಗ ಧರೆಪ್ಪನಿಗೆ ಹದಿಮೂರು ವರ್ಷ. ಹುಟ್ಟು ಕಿವುಡ, ಹಾಗಾಗಿ ಮಾತೂ ಬಂದಿರಲಿಲ್ಲ. ಅವನ ಕಿವಿಗೆ ಇನ್ನು ಯಾವ ಡಾಕ್ಟರೂ ಏನೂ ಮಾಡಲಾರರೆಂದು ಅವಳಿಗೆ ಗೊತ್ತಿತ್ತು. ಚಿಕ್ಕೋಡಿ, ನಿಪ್ಪಾಣಿ, ಮಿರಜ ಎಲ್ಲ ಕಡೆ ತೋರಿಸಿ ಬಂದಾಗಿತ್ತು. ಮಿರಜದಲ್ಲಿ ಮಾತ್ರ ಒಬ್ಬ ಮುದಿ ಡಾಕ್ಟರು, "ಗಂಡ ಮೊದಲ ನಿನಗ ಏನಾಗಬೇಕಿತ್ತವಾ?" ಎಂದು ಕೇಳಿದ್ದರು. "ಸ್ವಾದರಮಾವ ರೀ" ಅಂದಾಗ ಅವರು ತಲೆ ಅಲ್ಲಾಡಿಸಿ ಸುಮ್ಮನಾದರು. ಅವರು ಬೈದಿದ್ದರೆ ಮರೆತುಬಿಡುತ್ತಿದ್ದಳೇನೋ, ಸುಮ್ಮನಾದದ್ದು ಮಾತ್ರ ಅವಳ ಎದೆಯಲ್ಲಿ ಉಳಿದುಹೋಯಿತು.

ಸಂಬಂಧವನ್ನು ಇಲ್ಲೇ ಬಿಡಿಸಿ ಹೇಳಿಬಿಡಬೇಕು. ಶಿವಗಂಗವ್ವನ ಗಂಡ ಬಾಬಾಸಾಹೇಬ ಅವಳ ತಾಯಿಯ ಬೆನ್ನಿಗೆ ಬಿದ್ದ ತಮ್ಮ. ತಾಯಿ ಗಿರಿಜವ್ವ ಭೋಜದಲ್ಲಿ ಹುಟ್ಟಿ ಮುಗಳಖೋಡಕ್ಕೆ ಸೊಸೆಯಾಗಿ ಹೋದವಳು. ಹಡೆದ ಮಗಳನ್ನು ತಿರುಗಿ ತವರಿಗೇ, ತಮ್ಮನಿಗೇ ಕೊಟ್ಟಳು. ಈಗ ಅದೇ ಗಿರಿಜವ್ವ ತನ್ನ ಮಗ ರಾವಸಾಹೇಬನಿಗೆ, ಅಂದರೆ ಶಿವಗಂಗವ್ವನ ತಮ್ಮನಿಗೆ, ಶಿವಗಂಗವ್ವನ ಮಗಳು ರುಕ್ಮವ್ವನನ್ನು ಕೇಳಲು ಬಂದಿದ್ದಳು. ಕೇಳಲು ಅನ್ನುವುದೂ ಸುಳ್ಳೇ. ರುಕ್ಮವ್ವನನ್ನು ತೊಟ್ಟಿಲಿಗೆ ಹಾಕಿದ ದಿನವೇ "ಇದು ನಮ್ಮ ರಾವಸಾಬನ ಹೆಣ್ಣ" ಎಂದು ಹೇಳಿ ಆ ಮಾತು ಮುಗಿಸಿದ್ದಳು. ಈಗ ಉಳಿದದ್ದು ನಿಶ್ಚಯದ ಸಾಖರಪುಡಾ ಮಾಡಿ ನಾಲ್ಕು ಜನರ ಬಾಯಿಗೆ ಸಕ್ಕರೆ ಹಾಕುವುದು, ಅಷ್ಟೆ.

ಶಿವಗಂಗವ್ವ ಹಡೆದದ್ದು ನಾಲ್ಕು. ರುಕ್ಮವ್ವ ಹಿರಿಯವಳು, ಚೂಟಿ ಹುಡುಗಿ, ಹಿತ್ತಲಲ್ಲಿ ಎಲೆ ಬಿದ್ದರೂ ಕೇಳಿಸಿಕೊಳ್ಳುವವಳು. ಆಮೇಲೆ ಒಂದು ಗಂಡು ಕೂಸು ಫಿಟ್ಸ್ ಬಂದು ಹೋಯಿತು. ಆಮೇಲೆ ಧರೆಪ್ಪ. ಆಮೇಲೆ ಇನ್ನೊಂದು, ಅದು ಬಾಣಂತಿಕೋಣೆಯನ್ನೇ ದಾಟಲಿಲ್ಲ. ತಮ್ಮ ರಾವಸಾಹೇಬ ಕೆಟ್ಟವನಲ್ಲ. ಕಬ್ಬಿನ ತೋಟ ನೋಡಿಕೊಂಡು, ಸಂಜೆ ಒಂದು ಪಾನಪಟ್ಟಿ ಹಾಕಿಕೊಂಡು, ಅಕ್ಕ ಅಂದರೆ ಜೀವ ಬಿಡುವವನು. ಅದೇ ಕಷ್ಟವಾಗಿತ್ತು. ಕೆಟ್ಟವನಾಗಿದ್ದರೆ ಬಾಯಿ ಬಿಟ್ಟು ಬೇಡ ಅನ್ನಬಹುದಿತ್ತು. ರುಕ್ಮವ್ವನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಅವಳೂ ನಾಚಿಕೊಂಡು ಹೂಂ ಅನ್ನುತ್ತಿದ್ದಳು, ಮಾವ ಬಂದಾಗಲೆಲ್ಲ ಚಿಕ್ಕೋಡಿಯಿಂದ ರಿಬ್ಬನ್ನು ತರುತ್ತಿದ್ದ.

ಹಾಗಾಗಿ ಶಿವಗಂಗವ್ವ ಡಾಕ್ಟರಬಾಯಿಯನ್ನು ನಂಬಿಕೊಂಡಳು. ಮಿರಜದ ಡಾಕ್ಟರು ನುಂಗಿಕೊಂಡ ಮಾತನ್ನು ಇವಳು ನಾಲ್ಕು ಜನರೆದುರು ಹೇಳಿದರೆ ಗಂಡ ಕೇಳಿಯಾನು, ತಾಯಿಯೂ ಕೇಳಿಯಾಳು. "ಧರೆಪ್ಪ ನನ್ನೊಬ್ಬಾಕಿಗೆ ಬಗ್ಗಂಗಿಲ್ಲ, ಎಲ್ಲಾರೂ ಬರ್ರಿ" ಎಂದು ನೆವ ಹೇಳಿ, ತೊಂಬತ್ತಮೂರರ ಆ ಚಳಿಗಾಲದ ಮುಂಜಾನೆ ಗಂಡನನ್ನೂ ತಾಯಿಯನ್ನೂ ಶಾಲೆಗೆ ಕರೆದುಕೊಂಡು ಹೋದಳು.

ಡಾಕ್ಟರಬಾಯಿ ಇನ್ನೂ ಹುಡುಗಿ. ಬೆಳಗಾವಿಯವಳೇ, ನಮ್ಮ ಮಾತೇ ಆಡುತ್ತಿದ್ದಳು. ಸುತ್ತಿನ ಎಂಟು ಹಳ್ಳಿಗಳಿಂದ ಬಂದ ಮಕ್ಕಳ ಕಿವಿ ನೋಡಿ ಮುಗಿಸಿ, ಮಧ್ಯಾಹ್ನ ಎಲ್ಲರನ್ನೂ ದೊಡ್ಡ ಕೋಣೆಯಲ್ಲಿ ಕೂಡಿಸಿದಳು. ಸುಣ್ಣದ ಕಡ್ಡಿ ತೆಗೆದುಕೊಂಡು ಕರಿಹಲಗೆಯ ಮೇಲೆ ಮಗುವಿಗೊಂದು ಗೆರೆ ಎಳೆದು ಲೆಕ್ಕ ಬರೆದಳು.

"ನೋಡ್ರಿ, ಈ ಎಂಟು ಹಳ್ಯಾಗ ನಾಕು ಮದುವಿ ಹಿಡದ್ರ ಒಂದು ಸೋದರ ಸಂಬಂಧದಾಗ ಆಗೈತಿ. ಮೂರು ಹೊರಗ ಆಗ್ಯಾವ. ಹಂಗಿದ್ರ ಕಿವುಡ ಮಕ್ಕಳೂ ನಾಕರಾಗ ಒಂದ ಆ ಮನಿಗಳಿಂದ ಬರಬೇಕಾಗಿತ್ತು, ಹೌದಿಲ್ಲೋ? ಆದ್ರ ಇವತ್ತ ಬಂದ ಮಕ್ಕಳಾಗ ಮೂರಕ್ಕ ಎರಡು ಸಂಬಂಧದ ಮನಿಯವು. ಇದು ನಾ ಹುಟ್ಟಿಸಿದ ಮಾತಲ್ಲ, ಮುಂಜಾನಿಂದ ನೀವ ಬರಿಸಿದ್ದು."

ಶಿವಗಂಗವ್ವ ನಾಲ್ಕನೆಯ ಇಯತ್ತೆ ಓದಿದವಳು. ಹಲಗೆಯ ಮೇಲಿನ ಅಂಕಿ ಅವಳಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಅದರಲ್ಲಿ ಒಂದು ಗೆರೆ ತನ್ನ ಧರೆಪ್ಪನದು ಎಂದುಕೊಂಡಳು. ಗಂಡನ ಮುಖ ನೋಡಿದಳು. ಬಾಬಾಸಾಹೇಬ ಪಕ್ಕದವನ ಹತ್ತಿರ ಸುಣ್ಣದ ಡಬ್ಬಿ ಇಸಿದುಕೊಂಡು ತಂಬಾಕು ತಿಕ್ಕುತ್ತಿದ್ದ.

ಮೊದಲು ಎದ್ದದ್ದು ಮುರಗೆಪ್ಪ. ಊರಿನ ಹಿರಿಯ, ನೀರಿನ ಪಾಳಿಯಿಂದ ಹಿಡಿದು ಗಂಡಹೆಂಡಿರ ಜಗಳದವರೆಗೆ ಅವನ ಮಾತೇ ಕೊನೆಯ ಮಾತು.

"ಬಾಯಾರ, ನೀವು ಕಲತವರು, ತಪ್ಪ ತಿಳೀಬ್ಯಾಡ್ರಿ. ನಮ್ಮನ್ಯಾಕಿ ನಮ್ಮಕ್ಕನ ಮಗಳು. ಏಳು ಹಡದಾಳ. ಏಳೂ ಬಂಡಿಗೆ ಹೂಡಿದ್ರ ಎತ್ತು ಬ್ಯಾಡ, ಹಂಗದಾವ. ಇದಕ್ಕೇನಂತೀರಿ?"

ಮುರಗೆಪ್ಪನಿಗೆ ಮಕ್ಕಳು ಎಂಟು. ಎಂಟನೆಯದು ಕತ್ತು ನಿಲ್ಲದ ಹೆಣ್ಣು ಮಗು, ತೋಟದ ಮನೆಯಲ್ಲಿ ಒಬ್ಬ ಮುದುಕಿಯ ವಶದಲ್ಲಿ ಬೆಳೆಯುತ್ತಿತ್ತು. ಇದು ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಗೊತ್ತಿತ್ತು. ಆದರೂ ಎಲ್ಲರೂ ಹೌದು ಹೌದೆಂದು ತಲೆಯಾಡಿಸಿದರು.

ಕಟ್ಟೆ ಒಡೆದದ್ದೇ ತಡ, ಎಲ್ಲರಿಗೂ ಮಾತು ಬಂತು. ಬಳೆ ಮಾರುವ ಚಮನಬಿ ಬುಟ್ಟಿ ಸರಿಸಿ ಮುಂದೆ ಬಂದಳು. "ನಮ್ಮಾಗ ಕಾಕಾನ ಮಗಳನ್ನ ಮಾಡಕೋತಾರ್ರಿ ಬಾಯಿ. ನಾನೂ ಹಂಗ ಬಂದಾಕಿ. ನನ್ನ ಮಗ ಬಸ್ಸಿನ ಕಂಡಕ್ಟರ ಅದಾನ. ಕಿವಿ ಕೇಳಲಾರದ ಕಂಡಕ್ಟರ ಆಗ್ತಾನೇನ್ರಿ?" ಬಡಗಿ ಗೌಸಸಾಬ ಅದಕ್ಕೆ ಇನ್ನೊಂದು ಸೇರಿಸಿದ. ಅವನ ಮನೆಯ ಎದುರಿನವರು ಕೊಲ್ಲಾಪುರದಿಂದ ಸೊಸೆ ತಂದಿದ್ದರು, ಏಳು ತಲೆಮಾರು ಹಿಡಿದರೂ ಸಂಬಂಧವಿಲ್ಲ, ಆ ಕೂಸಿಗೆ ಕಣ್ಣೇ ಇಲ್ಲ. "ಇದನ್ನ ಯಾವ ಗೆರಿಯಾಗ ಬರೀತೀರಿ?" ಅಂದ. ಹಿಂದಿನಿಂದ ಮಲಕಾರಿ ಕೂಗಿದ. ಅವನು ಎಲ್ಲಿದ್ದರೂ ಒಂದು ಚೇಷ್ಟೆ ಬೇಕು. "ನನ್ನ ಹೇಣ್ತಿ ಅಥಣಿ ಕಡ್ಯಾಕಿ ರೀ, ಸಂಬಂಧ ಇಲ್ಲೇ ಇಲ್ಲ. ಆದ್ರೂ ನಾ ಹೇಳಿದ್ದು ಒಂದೂ ಆಕಿ ಕಿವಿಗಿ ಬೀಳಂಗಿಲ್ಲ." ಕೋಣೆ ನಕ್ಕಿತು. ಕಿವುಡ ಮಕ್ಕಳ ತಾಯಂದಿರೂ ಸೆರಗು ಬಾಯಿಗೆ ಹಿಡಿದು ನಕ್ಕರು. ಎಲ್ಲರೂ ನಗುವುದನ್ನು ನೋಡಿ ಧರೆಪ್ಪನೂ ನಕ್ಕ.

ಡಾಕ್ಟರಬಾಯಿ ಪಾಪ, ಸೋಲಲಿಲ್ಲ. "ಒಂದು ಮನಿ ಮಾತಲ್ರಿ ಇದು. ಒಬ್ಬರಿಗೆ ಆಗಬಹುದು, ಒಬ್ಬರಿಗೆ ಆಗಲಿಕ್ಕಿಲ್ಲ. ಎಲ್ಲಾರನೂ ಕೂಡಿಸಿ ಎಣಿಸಿದಾಗ ತಿಳೀತೈತಿ," ಎಂದು ಮತ್ತೆ ಹಲಗೆ ತೋರಿಸಿದಳು. ಆಗ ಮುರಗೆಪ್ಪ ಬಹಳ ಮರ್ಯಾದೆಯಿಂದ ಕೇಳಿದ.

"ಬಾಯಾರ, ನಿಮಗ ಮಕ್ಕಳೆಷ್ಟು?"

"ನನ್ನ ಮದುವಿ ಆಗಿಲ್ಲರಿ."

"ಹಾಂ," ಅಂದ ಮುರಗೆಪ್ಪ, ಕೂತುಕೊಂಡ. ಅಲ್ಲಿಗೆ ಹಲಗೆಯ ಮೇಲಿನ ಲೆಕ್ಕ ಅಳಿಸದೆಯೇ ಅಳಿದುಹೋಯಿತು.

ಇದನ್ನು ಕಂಡು ಶಿವಗಂಗವ್ವನಿಗೆ ತಡೆಯಲಾಗಲಿಲ್ಲ. ಅನುಭವವೇ ಬೇಕಾದರೆ ತನ್ನ ಹತ್ತಿರ ಏನು ಕಡಿಮೆ ಇದೆಯೇ? ಜನ್ಮದಲ್ಲಿ ಗಂಡಸರ ನಡುವೆ ಬಾಯಿ ತೆರೆಯದವಳು ಎದ್ದು ನಿಂತಳು.

"ನನ್ನ ಗಂಡ ನನ್ನ ಸ್ವಾದರಮಾವ ರೀ. ಎರಡು ಕೂಸು ಮಣ್ಣಿಗೆ ಕೊಟ್ಟೇನಿ, ಮೂರನೇದು ಹಿಂಗೈತಿ. ನೀವೆಲ್ಲಾ ನಿಮ್ಮ ನಿಮ್ಮ ಮಕ್ಕಳನ್ನ ಎಣಿಸಿದ್ರಿ. ನನ್ನವನೂ ಎಣಸ್ರಲಾ."

ಬಾಬಾಸಾಹೇಬ ನೆಲ ನೋಡಿದ. ಮುರಗೆಪ್ಪ ಕನಿಕರದ ದನಿಯಲ್ಲಿ, "ಅದು ಬ್ಯಾರೇ ಬಿಡವಾ," ಅಂದ. ಹೇಗೆ ಬೇರೆ ಎಂದು ಅವನಿಗೂ ಗೊತ್ತಿರಲಿಲ್ಲ. ಡಾಕ್ಟರಬಾಯಿ ಇನ್ನೇನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಗಿರಿಜವ್ವ ಎದ್ದಳು.

"ಮಗಳ ಮಾನ ಅಂತ ಇಷ್ಟ ದಿನ ಸುಮ್ಮನಿದ್ದೆ. ಎಂಬತ್ತನೇ ಇಸವಿಯಾಗ ದೊಡ್ಡ ಗ್ರಹಣ ಹಿಡೀತಲಾ, ಆವಾಗ ಈ ಧರೆಪ್ಪ ಹೊಟ್ಯಾಗಿದ್ದ. ಐದು ತಿಂಗಳು. ಒಳಗ ಕುಂಡರು ಅಂತ ನಾ ಬಡಕೊಂಡೆ. ಕೇಳಲಿಲ್ಲ. ಹೋಗಿ ಕಟ್ಟಿ ಮ್ಯಾಲ ನಿಂತಳು. ಇದಕ್ಕ ಸಂಬಂಧ ಏನ ಮಾಡೀತು? ತಾ ಮಾಡಿಕೊಂಡದ್ದು."

ಕೋಣೆ ತುಂಬ ಒಂದು ನಿಟ್ಟುಸಿರು ಬಂತು. ಎಲ್ಲರಿಗೂ ಜೀವ ಬಂದಹಾಗಾಯಿತು. ಹೆಂಗಸರು "ಅಯ್ಯ ಅದಕ್ಕಾ ಮತ್ತ" ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಸತ್ತ ಎರಡು ಕೂಸುಗಳಿಗೆ ಯಾವ ಗ್ರಹಣ ಹಿಡಿದಿತ್ತೆಂದು ಯಾರೂ ಕೇಳಲಿಲ್ಲ. ಶಿವಗಂಗವ್ವ ತಾಯಿಯ ಮುಖವನ್ನೇ ನೋಡುತ್ತ ನಿಂತಳು.

ಆ ಗ್ರಹಣದ ಮಧ್ಯಾಹ್ನ ಅವಳಿಗೆ ಇವತ್ತು ನಡೆದಷ್ಟು ಚೊಕ್ಕ ನೆನಪಿತ್ತು. ಗಂಡ ತಂಬಾಕಿನ ಗಾಡಿ ಹೊಡೆದುಕೊಂಡು ನಿಪ್ಪಾಣಿಗೆ ಹೋಗಿದ್ದ. ಇದೇ ಗಿರಿಜವ್ವ ಮಗಳನ್ನು ಕಾಯುವುದಕ್ಕೆಂದೇ ಮುಗಳಖೋಡದಿಂದ ಬಂದಿದ್ದಳು. ಕಿಟಕಿಗೆ ಕಂಬಳಿ ಹೊಡೆದು, ಬಾಗಿಲಿನ ಸಂದಿಗೆ ಗೋಣಿಚೀಲ ತುರುಕಿ, ಪರಾತದ ನೀರಿನಲ್ಲಿ ಒನಕೆ ನಿಲ್ಲಿಸಿ, ಮಗಳ ಕೈಯನ್ನು ತನ್ನ ತೊಡೆಯ ಮೇಲೆ ಇಟ್ಟುಕೊಂಡು ಕೂತಿದ್ದಳು. ಗ್ರಹಣ ಬಿಟ್ಟು ಒನಕೆ ತಾನಾಗಿ ಬೀಳುವವರೆಗೆ ಆ ಕೈ ಬಿಟ್ಟಿರಲಿಲ್ಲ. ಕೋಣೆಯಲ್ಲಿ ಇದ್ದವರು ಅವರಿಬ್ಬರೇ.

ಮನೆಗೆ ಬಂದ ಮೇಲೆ ಶಿವಗಂಗವ್ವ ಅಡುಗೆಮನೆಯ ಬಾಗಿಲು ಮುಂದೆ ಮಾಡಿ ಕೇಳಿದಳು. "ಯವ್ವಾ, ಅವತ್ತ ನನ್ನ ಕೈ ಹಿಡಕೊಂಡು ಕುಂತಾಕಿ ನೀನ. ನೆನಪಿಲ್ಲೇನು?"

ಗಿರಿಜವ್ವ ಜೋಳದ ಹಿಟ್ಟು ನಾದುತ್ತಿದ್ದಳು. ಕೈ ನಿಲ್ಲಿಸಲಿಲ್ಲ. "ನೆನಪಿಲ್ಲಂತ ಯಾರಂದ್ರು?"

"ಮತ್ತ ಯಾಕ ಹಂಗ ಹೇಳಿದಿ?"

"ಏನ ಹೇಳಲಿ ಮತ್ತ?" ಗಿರಿಜವ್ವನ ದನಿ ಮೊದಲ ಸಲ ಏರಿತು. "ನಿನ್ನ ನನ್ನ ತಮ್ಮಗ ಕೊಟ್ಟಾಕಿ ನಾನು. ಆ ಹುಡುಗಿ ಅನ್ನೂದು ಖರೇ ಅಂದ್ರ ನಿನ್ನ ಕೂಸುಗಳನ್ನ ತಿಂದಾಕಿ ನಾನ ಆದ್ನೆಲ್ಲ. ಧರೆಪ್ಪನ ಕಿವಿ ಕಿತ್ತಾಕಿನೂ ನಾನ. ಅದನ್ನ ಹೊತಗೊಂಡು ನಾ ಹೆಂಗ ಸಾಯಲಿ? ನಿನಗಂದ್ರ ವಯಸ್ಸೈತಿ, ಹೊತಗೋ." ಆಮೇಲೆ ಹಿಟ್ಟು ಮುಚ್ಚಿಟ್ಟು, ಕೈ ತೊಳೆದುಕೊಂಡು, ಏನೂ ಆಗದವಳಂತೆ ಕೇಳಿದಳು. "ಸಕ್ಕರಿ ಎಲ್ಲಿಟ್ಟೀದಿ?"

ಶಿವಗಂಗವ್ವ ಗಂಡನ ಮುಂದೆಯೂ ಅತ್ತಳು. ಬಾಬಾಸಾಹೇಬ ಹೆಂಡತಿಯನ್ನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. "ನಾ ಅವತ್ತ ನಿಪ್ಪಾಣ್ಯಾಗ ಇದ್ನಿ. ನಮ್ಮಕ್ಕ ಸುಳ್ಳ ಯಾಕ ಹೇಳ್ತಾಳ?" ಎಂದು ಟವೆಲು ಕೊಡವಿ ಎದ್ದು ಹೋದ. ಮರುದಿನ ಸಾಖರಪುಡಾ ಆಯಿತು. ಮುರಗೆಪ್ಪನೇ ಮೊದಲ ಸಕ್ಕರೆ ತಿಂದ. ಸೋಮವಾರ ಶಾಲೆಯ ಮಾಸ್ತರರು ಹಲಗೆಯ ಮೇಲಿನ ಲೆಕ್ಕ ಒರೆಸಿ ಮಕ್ಕಳಿಗೆ ಮಗ್ಗಿ ಬರೆದುಕೊಟ್ಟರು. ಬೇಸಿಗೆಯಲ್ಲಿ ರುಕ್ಮವ್ವ ಹಸಿರು ಬಳೆ ತೊಟ್ಟು, ಅಳದೆ, ನಗುನಗುತ್ತ ಮಾವನ ಮನೆಗೆ ಹೋದಳು.

ಮುಂದಿನ ವರ್ಷ, ತೊಂಬತ್ತೈದರ ದೀಪಾವಳಿಗೆ ಮತ್ತೆ ಸೂರ್ಯಗ್ರಹಣ ಬಂತು. ಅಮಾವಾಸ್ಯೆಯ ಮುಂಜಾನೆ. ರುಕ್ಮವ್ವನಿಗೆ ಆಗ ನಾಲ್ಕು ತಿಂಗಳು. ಸುದ್ದಿ ತಿಳಿದ ಗಳಿಗೆಯಿಂದ ಶಿವಗಂಗವ್ವನಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಹಬ್ಬದ ಮನೆಯನ್ನು ಹಾಗೇ ಬಿಟ್ಟು, ಚಿಕ್ಕೋಡಿಯಲ್ಲಿ ಬಸ್ಸು ಬದಲಿಸಿ, ಮುಗಳಖೋಡಕ್ಕೆ ಬಂದು ಇಳಿದಳು. ಅವಳಿಗೆ ಗ್ರಹಣದ ಭಯ ಇರಲಿಲ್ಲ. ಗ್ರಹಣವಾದ ಮೇಲೆ ಬರುವ ಮಾತಿನ ಭಯವಿತ್ತು. ಒಂದು ಕೋಣೆ, ಇಬ್ಬರೇ ಹೆಂಗಸರು, ಆಮೇಲೆ ಯಾರೋ ಒಬ್ಬರು ಎದ್ದು ನಿಂತು ಹೇಳುವ ಮಾತು, ಇದು ತನ್ನ ಮಗಳ ಪಾಲಿಗೆ ಬರಬಾರದು.

ಹಿಂದಿನ ಸಂಜೆ ಓಣಿಯ ಮನೆಮನೆಗೆ ಹೋಗಿ ಹೆಂಗಸರನ್ನು ಕರೆದಳು. ಎದುರು ಮನೆಯ ಗಂಗೂಬಾಯಿ, ಎಣ್ಣೆ ಅಂಗಡಿಯ ಚನ್ನವ್ವ, ಹೂ ಕಟ್ಟುವವರು, ಬಾಣಂತನ ಮಾಡಿಸುವ ಮುದುಕಿ, ಸಿಕ್ಕವರನ್ನೆಲ್ಲ. "ಬೆಳಿಗ್ಗೆ ನಮ್ಮನಿಗೆ ಬಂದು ಕುಂಡರ್ರೆವ್ವಾ, ಗ್ರಹಣ ಬಿಟ್ಟ ಮ್ಯಾಲ ಜಳಕಕ್ಕ ನೀರು ಕಾಸಿಟ್ಟಿರತೇನಿ, ಹೋಳಗಿ ಉಂಡ ಹೋಗೂರಂತ" ಅಂದಳು. ಗ್ರಹಣಕ್ಕೆ ಬೀಗರೂಟದ ಹಾಗೆ ಜನ ಕರೆದವಳನ್ನು ಆ ಊರು ಅಲ್ಲಿಯತನಕ ಕಂಡಿರಲಿಲ್ಲ. ಬಂದರು. ಗಂಡಸರು, ಹುಡುಗರೆಲ್ಲ ಟೀವಿ ಇದ್ದವರ ಮನೆಯಲ್ಲಿ ಗ್ರಹಣ ನೋಡಲು ಕಿಕ್ಕಿರಿದಿದ್ದರೆ ಈ ಹೆಂಗಸರು ಕಂಬಳಿ ಹೊಡೆದ ಕೋಣೆಯಲ್ಲಿ ಬೆವರುತ್ತ ಕೂತರು. ನಡುವೆ ರುಕ್ಮವ್ವ. ಅವಳಿಗೆ ನಗು. "ನನ್ನ ಕಾಯಾಕ ಇಷ್ಟ ಜನ ಬೇಕೇನ ಯವ್ವಾ?" ಅಂದಳು. ಶಿವಗಂಗವ್ವ ಮಾತ್ರ ಗಳಿಗೆಗೊಮ್ಮೆ, "ನೋಡ್ರೆವ್ವಾ, ಹುಡುಗಿ ಹೊಸ್ತಿಲ ದಾಟಿಲ್ಲ. ನಾಳಿ ಯಾರರ ಕೇಳಿದ್ರ ಹೇಳ್ರಿ," ಅನ್ನುತ್ತಿದ್ದಳು. ಮೂಲೆಯಲ್ಲಿ ಕೂತ ಗಿರಿಜವ್ವನಿಗೆ ಆ ಮಾತು ಯಾರಿಗೆ ಹೇಳಿದ್ದೆಂದು ತಿಳಿಯದೆ ಇರಲಿಲ್ಲ. ಸೆರಗು ಮುಖದ ಮೇಲೆ ಎಳೆದುಕೊಂಡು ಗೋಡೆಗೆ ತಿರುಗಿದಳು.

ಫಾಲ್ಗುಣದಲ್ಲಿ ರುಕ್ಮವ್ವ ಗಂಡು ಹಡೆದಳು. ದುಂಡಗಿನ ಕೂಸು, ಬಂದವರ ಬೆರಳು ಹಿಡಿದರೆ ಬಿಡುತ್ತಿರಲಿಲ್ಲ. ಊರೆಲ್ಲ ಹೊಗಳಿತು. ಬಾಬಾಸಾಹೇಬ ಹೆಂಡತಿಗೆ, "ನಿನ್ನ ಡಾಕ್ಟರಬಾಯಿ ಎಲ್ಲಿದಾಳೀಗ?" ಎಂದು ಛೇಡಿಸಿದ. ಶಿವಗಂಗವ್ವ ಅಂದು ನಕ್ಕಳು. ತಾನೇ ತಪ್ಪಿರಲಿ, ಹಲಗೆಯ ಲೆಕ್ಕವೇ ಸುಳ್ಳಾಗಿರಲಿ, ಮುರಗೆಪ್ಪನೇ ಗೆದ್ದುಕೊಳ್ಳಲಿ ಎಂದು ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದಳು.

ಕೂಸಿಗೆ ಎಂಟು ತಿಂಗಳಾದಾಗ ದೀಪಾವಳಿ ಬಂತು. ಶಿವಗಂಗವ್ವ ಧರೆಪ್ಪನನ್ನು ಕರೆದುಕೊಂಡು ಮಗಳ ಮನೆಗೆ ಹೋದಳು. ಸಂಜೆ ರಾವಸಾಹೇಬ ಬಾಗಿಲ ಮುಂದೆಯೇ ಲಕ್ಷ್ಮೀ ಪಟಾಕಿಯ ಸರ ಹಚ್ಚಿದ. ಓಣಿ ನಡುಗಿತು, ನಾಯಿಗಳು ಓಡಿದವು, ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. ಪಡಸಾಲೆಯ ತೊಟ್ಟಿಲಲ್ಲಿ ಕೂಸು ಮಲಗಿತ್ತು. ಧರೆಪ್ಪನಿಗೆ ಸದ್ದು ಅಂದರೇನೆಂದು ಗೊತ್ತಿದ್ದುದು ಬೇರೆಯವರು ಬೆಚ್ಚುವುದನ್ನು ನೋಡಿಯೇ. ಅವನು ಬೆಚ್ಚಿದವರನ್ನೆಲ್ಲ ಒಂದು ಸುತ್ತು ನೋಡಿದ, ಆಮೇಲೆ ತೊಟ್ಟಿಲು ನೋಡಿದ. ಕೂಸಿನ ಒಂದು ರೆಪ್ಪೆಯೂ ಅಲುಗಿರಲಿಲ್ಲ. ಧರೆಪ್ಪ ತಾಯಿಯ ಸೆರಗು ಜಗ್ಗಿ, ಕೂಸನ್ನು ತೋರಿಸಿ, ತನ್ನ ಎದೆ ಮುಟ್ಟಿಕೊಂಡ. ಅವನ ಮುಖದಲ್ಲಿ ಹಿಡಿಸಲಾರದಷ್ಟು ಸಂತೋಷ. ಹದಿನಾರು ವರ್ಷಕ್ಕೆ ಅವನಿಗೆ ತನ್ನಂಥವನೊಬ್ಬ ಮನೆಯಲ್ಲೇ ಸಿಕ್ಕಿದ್ದ.

ಶಿವಗಂಗವ್ವ ತೊಟ್ಟಿಲ ಹತ್ತಿರ ಹೋಗಿ ಕೂಸಿನ ಕಿವಿಯ ಬಳಿ ಚಪ್ಪಾಳೆ ತಟ್ಟಿದಳು, ಮತ್ತೆ ಮತ್ತೆ ತಟ್ಟಿದಳು.

ವಾರದೊಳಗೆ ಚಿಕ್ಕೋಡಿಯ ಡಾಕ್ಟರು ಅದನ್ನೇ ಹೇಳಿ ಕಳಿಸಿದರು. ಸುದ್ದಿ ಕೇಳಿ ಓಣಿಯ ಹೆಂಗಸರು ಬಂದು ಪಡಸಾಲೆಯಲ್ಲಿ ಕೂತರು. ಶಿವಗಂಗವ್ವ ಕಣ್ಣೊರೆಸಿಕೊಂಡು ಅವರ ನಡುವೆ ನಿಂತಳು. ಇನ್ನೂ ಒಂದು ಆಸೆ ಉಳಿದಿತ್ತು ಅವಳಿಗೆ. ಮೊಮ್ಮಗನಿಗಾದದ್ದು ಆಗಿಹೋಯಿತು, ಇನ್ನಾದರೂ ಖರೇ ಮಾತು ಹೊರಬೀಳಲಿ, ಮುಂದಿನ ಕೂಸು ಹುಟ್ಟುವ ಮೊದಲು ಈ ಜನ ಒಮ್ಮೆ ವಿಚಾರ ಮಾಡಲಿ. ರುಕ್ಮವ್ವನಿಗೆ ಆಗಲೇ ಮತ್ತೆ ಮುಟ್ಟು ನಿಂತಿತ್ತು.

"ಗ್ರಹಣದಾಗ ಈಕಿ ಹೊರಗ ಬಂದಿದ್ದಳೇನ್ರೆವ್ವಾ? ನೀವೆಲ್ಲಾ ಇದ್ರಿ. ಹೇಳ್ರಿ."

"ಇಲ್ಲವಾ, ಹೊಸ್ತಿಲ ದಾಟಲಿಲ್ಲ," ಅಂದಳು ಗಂಗೂಬಾಯಿ. ಸುಳ್ಳಾಡಲಿಲ್ಲ, ಅಷ್ಟು ಮಾತ್ರ ಅವಳ ಪುಣ್ಯ. "ನಾವೆಲ್ಲಾ ಕಣ್ಣಾರೆ ನೋಡೇವಿ."

"ಮತ್ತ ಕೂಸಿಗೆ ಹಿಂಗ ಯಾಕಾತು?"

ಎಲ್ಲರೂ ವಿಚಾರ ಮಾಡಿದರು. ಈ ಸಲ ಗಿರಿಜವ್ವ ಏನೂ ಹೇಳಬೇಕಾಗಿ ಬರಲಿಲ್ಲ. ಚನ್ನವ್ವ ಮೆಲ್ಲಗೆ, ಯಾರ ಮನಸ್ಸೂ ನೋಯದ ಹಾಗೆ ಹೇಳಿದಳು. "ನಾಕು ತಿಂಗಳ ಬಸರಿನ ನಡುವ ಕೂಡಿಸಿ ಅಷ್ಟ ಮಂದಿ ನೋಡಕೋತ ಕುಂತ್ವಲ್ಲ. ಯಾರ ಕಣ್ಣ ಹೆಂಗಿರತಾವೋ ಯಾರ ಬಲ್ಲರು. ನನಗ ಅವತ್ತ ಅನಿಸಿತ್ತು. ಮಂದಿನ ಕರೀಬಾರದಾಗಿತ್ತು." ಅಯ್ಯ ಹೌದಲ್ಲ ಎಂದು ಇನ್ನೊಬ್ಬಳು ಅಂದಳು. ತಮ್ಮ ಅತ್ತಿಗೆಗೂ ಹೀಗೇ ಆಗಿತ್ತೆಂದು ಮೂರನೆಯವಳು ಸುರುಮಾಡಿದಳು.

ಶಿವಗಂಗವ್ವ ಮಾತಾಡಲು ಬಾಯಿ ತೆರೆದಳು. ನಾಲ್ಕರಲ್ಲಿ ಒಂದು, ಮೂರಕ್ಕೆ ಎರಡು, ಎಲ್ಲ ಅವಳಿಗೆ ಬಾಯಿಪಾಠವಿತ್ತು. ಆದರೆ ಅವಳು ನೋಡಿದ್ದು ರುಕ್ಮವ್ವನ ಮುಖ. ರುಕ್ಮವ್ವ ಕೂಸನ್ನು ಎದೆಗೆ ಅವಚಿಕೊಂಡು, ಚನ್ನವ್ವನ ಮಾತಿಗೆ ನಿಧಾನಕ್ಕೆ ತಲೆದೂಗುತ್ತಿದ್ದಳು.

ಹೆಂಗಸರು ಎದ್ದು ಹೋದ ಮೇಲೆ, ಬಸ್ಸಿನ ಹೊತ್ತಾಯಿತೆಂದು ಶಿವಗಂಗವ್ವ ಚೀಲ ತೆಗೆದುಕೊಂಡಳು. ಧರೆಪ್ಪ ತೊಟ್ಟಿಲು ಬಿಟ್ಟು ಬರಲೊಲ್ಲ, ಕೈ ಹಿಡಿದು ಎಳೆಯಬೇಕಾಯಿತು. ರುಕ್ಮವ್ವ ಹೊಸ್ತಿಲವರೆಗೆ ಬಂದಳು. ಒಳಗೆ ಕೂತ ಅಜ್ಜಿ ಗಿರಿಜವ್ವನತ್ತ ಒಮ್ಮೆ ತಿರುಗಿ, ತಾಯಿಯ ಮುಖ ನೋಡದೆ ಹೇಳಿದಳು.

"ಈ ಸಲ ಯಾರನೂ ಕರೀಬ್ಯಾಡ ಯವ್ವಾ. ಆಯಿ ಒಬ್ಬಾಕಿ ಇದ್ರ ಸಾಕು. ನೀನೂ ಬರಬ್ಯಾಡ."